ಇಸ್ತ್ರಿ ಮಾಚಪ್ಪನ ಸಿಆರ್‌ಪಿ

ಬೆಳಗ್ಗೆ ಆರೂವರೆ. ದುರ್ಗಿಗುಡಿಯ ಲ್ಯಾಬಿನ ಶಟರ್ ಅರ್ಧ ಎತ್ತಿದ್ದೆ;
ಅದರಡಿ ಬಗ್ಗಿ ಒಳಬಂದವನು
ನನ್ನ ಬಿಳಿ ಕೋಟಿಗೆ ವಾರಕ್ಕೆರಡು ಸಲ ಗೆರೆ ಕೂರಿಸುವ ಮಾಚಪ್ಪ.
ಖಾಲಿ ಹೊಟ್ಟೆ. ಕೈಯಲ್ಲಿ ಡಾಕ್ಟರ ಚೀಟಿ,
ಅದರ ಮಡಿಕೆಯೂ ನೆಟ್ಟಗೆ.

'ಎಡಗೈಲಿ ತಗೊಳ್ರಿ ಮೇಡಂ, ಬಲಗೈ ಬೇಕು ನಂಗೆ.'
ಮೂವತ್ತು ವರ್ಷ ಆರು ಕೆಜಿ ಕಬ್ಬಿಣ ತಳ್ಳಿದ ಬಲಗೈ.
ಎಡಗೈಯ ನರ ನಾಚಿ ಒಳಗೆ ಕೂತಿತ್ತು,
ತಟ್ಟಿ, ಉಜ್ಜಿ, ಮುಷ್ಟಿ ಬಿಗಿಸಿ
ಮದುವಣಗಿತ್ತಿಯನ್ನು ಕರೆದ ಹಾಗೆ ಕರೆದೆ.

'ಐನೂರೈವತ್ತಾ, ಇದೊಂದಕ್ಕೆ?'
ಅಂಗಿಗೆ ಎಂಟು ರೂಪಾಯಿ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ:
ಒಂದು ಅಂಕಿಗೆ ಅರವತ್ತೊಂಬತ್ತು ಅಂಗಿ,
ಎರಡು ರೂಪಾಯಿ ಚಿಲ್ಲರೆ ವಾಪಸ್.

ಯಂತ್ರ ಗಿರಗಿರನೆ ತಿರುಗಿ ನಿಂತಾಗ
ಕೆಂಪು ಕೆಳಗೆ ಕೂತು, ಮೇಲೆ ತಿಳಿ ಹಳದಿ ನಿಲ್ಲಬೇಕು.
ಇವನದು ಅಕ್ಕಿ ತೊಳೆದ ನೀರು.
ಕೊಬ್ಬು ಹೆಚ್ಚು. ಸಕ್ಕರೆ ಗಡಿಯ ಮೇಲೆ ಒಂಟಿಗಾಲಲ್ಲಿ.
ಕೊನೆಗೆ ಆ ಅಂಕಿ, ನಾಲ್ಕು ಪಾಯಿಂಟ್ ಎಂಟು.
ಒಂದರೊಳಗೆ ನೆಮ್ಮದಿ, ಮೂರು ದಾಟಿದರೆ ಎಚ್ಚರ
ಎಂದು ಪಕ್ಕದಲ್ಲಿ ಇರುವೆಗಾತ್ರದ ಅಕ್ಷರ.
ನಾನು ಏನೂ ಹೇಳುವಂತಿಲ್ಲ.
ನಮ್ಮ ಕಸುಬಿಗೆ ಕೊಟ್ಟಿರುವುದು ಒಂದೇ ವಾಕ್ಯ:
'ಡಾಕ್ಟರನ್ನ ಕೇಳಿ.'

ಕೇಳಿ ಬಂದಿದ್ದ. ಸಂಜೆ ವಿನೋಬನಗರದ ತಿರುವಿನಲ್ಲಿ
ಗಾಡಿಯ ಮುಂದೆ ನಿಲ್ಲಿಸಿಕೊಂಡು ನನಗೇ ಒಪ್ಪಿಸಿದ:
'ಉರಿಯೂತ ಅಂತಾರೆ. ಉರೀನೂ ಇಲ್ಲ, ಊತಾನೂ ಇಲ್ಲ.
ಎಲ್ಲೈತೆ ಅಂದ್ರೆ ಅದು ಈ ಚೀಟಿಗೆ ಗೊತ್ತಿಲ್ವಂತೆ.
ಹಲ್ಲಿನ ಸಂದೀಲಿರಬೌದು, ಹೊಟ್ಟೆ ಬೊಜ್ಜಲ್ಲಿರಬೌದು,
ಎದೆಗೆ ಹೋಗೋ ಕೊಳವೆ ಗೋಡೇಲಿರಬೌದು,
ಹೋದ ವಾರದ ನೆಗಡೀನೂ ಇರಬೌದು.
ಎರಡು ವಾರ ಬಿಟ್ಟು ಇನ್ನೊಂದ್ಸಲ ನೋಡಣ ಅಂದ್ರು.
ಬೂದಿ ಮುಚ್ಚಿದ ಕೆಂಡ ಇದ್ದಂಗೆ ಅಂತ
ನಂಗೇ ಹೇಳ್ತಾರಲ್ರೀ!'

ನಕ್ಕ. ವಸಡಿನ ಅಂಚಿಗೆ ತೆಳ್ಳಗೆ ರಕ್ತ.

ಇಸ್ತ್ರಿಪೆಟ್ಟಿಗೆಯ ಕೊಕ್ಕೆ ಬಿಚ್ಚಿ ತೋರಿಸಿದ,
ಕರಟದ ಇದ್ದಲು, ಮೇಲೆ ಬೆಳ್ಳನೆ ಹೊದಿಕೆ.
'ಊದಿದ್ರೆ ಧಗ್ ಅಂದು ಅರ್ಧ ಗಂಟೇಲಿ ಮುಗೀತದೆ.
ಮುಚ್ಚಿಟ್ರೆ ಬಾಳಿಕೆ. ಬೆಳಗಿನ ತನಕ ಇರ್ತದೆ.
ಒಂದ್ಸಲ, ಆರೈತೆ ಅಂತ,
ಬಟ್ಟೆ ಗಂಟಿನ ಮೇಲಿಟ್ಟು ಮಲಗಿದ್ದೆ.
ಹೊಗೆ ಇಲ್ಲ, ವಾಸನೆ ಇಲ್ಲ.
ಬೆಳಗ್ಗೆ ಬಿಚ್ಚಿದ್ರೆ, ಯಾರದೋ ಮದುವೆ ಸೀರೆ,
ಏಳು ಮಡಿಕೆಗೂ ಏಳು ತೂತು.
ಒಂದೇ ಅಳತೆ. ನಾಣ್ಯ ಇಟ್ಟು ಕತ್ತರಿಸಿದಂಗೆ.'

ಡಿಪ್ಲೊಮಾದ ಮೂರು ವರ್ಷ
ಯಕೃತ್ತು, ಪ್ರೋಟೀನು, ಲೀಟರಿಗೆ ಇಷ್ಟು ಮಿಲಿಗ್ರಾಂ
ಎಂದು ಉರುಹೊಡೆದಿದ್ದೆ.
ಆ ಏಳು ತೂತು ಯಾವ ಪುಟದಲ್ಲೂ ಇರಲಿಲ್ಲ.

'ನೀರು ಎಲ್ಲಿಗೆ ಹೊಯ್ಯೋದು, ಹೇಳ್ರಿ ಮತ್ತೆ?'
ಹೇಳುವಂತಿಲ್ಲದ್ದನ್ನು ಹೇಳಿದೆ:
'ಮೊದಲು ಆ ಹಲ್ಲು ತೋರಿಸು. ಬೀಡಿ ಬಿಡು.'
ಕಿವಿಯ ಸಂದಿಯಿಂದ ಬೀಡಿ ತೆಗೆದ,
ಅದೇ ಕೆಂಡಕ್ಕೆ ತಾಗಿಸಿ ಹಚ್ಚಿದ.
'ಹಲ್ಲು ನಾಳೆ. ಇದು... ನೋಡಣ.'

ಹದಿನೈದು ದಿನಕ್ಕೆ ಮತ್ತೆ ಬಂದ, ಮತ್ತೆ ಎಡಗೈ.
ಮೂರು ಪಾಯಿಂಟ್ ಒಂಬತ್ತು.
ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.
'ಡಾಕ್ಟರನ್ನ ಕೇಳು,' ಎಂದೆ,
'ಇಳಿದಿದೆ' ಎಂದೂ ಸೇರಿಸಿದೆ, ಮೆತ್ತಗೆ.
'ಆರೈತಾ?'
'ಇಲ್ಲ.'

ತಲೆಯಾಡಿಸಿ, ತಂದಿದ್ದ ಕೋಟನ್ನು
ಮೇಜಿನ ಮೇಲಿಟ್ಟು ಹೋದ.
ಮುಂದಿನವರನ್ನು ಕರೆಯುವ ಮೊದಲು ತೊಟ್ಟುಕೊಂಡೆ.
ಎದೆಯ ಜೇಬಿನ ಹತ್ತಿರ
ಇನ್ನೂ ಬೆಚ್ಚಗಿತ್ತು.